ಮಗನ ಅಂಗಿ ತೊಟ್ಟ ಮಗಳು

ಒಂದು ಕತ್ತರಿ, ಗಂಡುಮಕ್ಕಳ ಒಂದು ಜೊತೆ ಬಟ್ಟೆ, ಒಂದು ಹೊಸ ಹೆಸರು. ಅಫ್ಗಾನಿಸ್ತಾನದ ಕೆಲವು ಮನೆಗಳಲ್ಲಿ ಮಗಳನ್ನು ಮಗನನ್ನಾಗಿ ಮಾಡಲು ಇಷ್ಟು ಸಾಕು. ಮನೆಯವರು ಹುಡುಗಿಯ ಕೂದಲನ್ನು ಗಿಡ್ಡವಾಗಿ ಕತ್ತರಿಸುತ್ತಾರೆ, ಅಂಗಿ-ಪ್ಯಾಂಟು ತೊಡಿಸುತ್ತಾರೆ, ಇವತ್ತಿನಿಂದ ನಿನ್ನ ಹೆಸರು ಇದು ಎಂದು ಹೇಳುತ್ತಾರೆ. ನಿನ್ನೆಯವರೆಗೂ ಒಬ್ಬಳೇ ಬಾಗಿಲು ದಾಟದಿದ್ದ ಮಗು ಇವತ್ತು ಬೀದಿಗೆ ಓಡುತ್ತದೆ. ಅಂಗಡಿಯಿಂದ ರೊಟ್ಟಿ ತರುತ್ತದೆ, ಹುಡುಗರ ಜೊತೆ ಚೆಂಡಾಡುತ್ತದೆ, ಗಾಳಿಪಟ ಹಾರಿಸುತ್ತದೆ. ಯಾರೂ ತಡೆಯುವುದಿಲ್ಲ. ಏಕೆಂದರೆ ಊರಿನವರ ಲೆಕ್ಕದಲ್ಲಿ ಅವಳು ಈಗ 'ಅವನು'.

ಅಲ್ಲಿನ ದರಿ ಭಾಷೆಯಲ್ಲಿ ಇಂಥ ಮಕ್ಕಳನ್ನು 'ಬಚ್ಚಾ ಪೋಶ್' ಎನ್ನುತ್ತಾರೆ. ಈ ಎರಡು ಪದಗಳು ನಮಗೂ ತೀರಾ ದೂರದವಲ್ಲ. ಹಿಂದಿ ಸಿನಿಮಾ ನೋಡುವವರಿಗೆಲ್ಲ 'ಬಚ್ಚಾ' ಗೊತ್ತು. ಕನ್ನಡದ 'ಪೋಷಾಕು' ಬಂದಿರುವುದೂ ಈ 'ಪೋಶ್' ಇರುವ ಪರ್ಷಿಯನ್ ಮೂಲದಿಂದಲೇ. ಹುಡುಗನ ಪೋಷಾಕು ತೊಟ್ಟವಳು, ಅಷ್ಟೇ ಅರ್ಥ.

ಈ ಪದ್ಧತಿಯ ಬಗ್ಗೆ ಓದಿದವರಲ್ಲಿ ಹೆಚ್ಚಿನವರು 'ಅಯ್ಯೋ ಪಾಪ' ಎನ್ನುತ್ತಾರೆ. ಇನ್ನು ಕೆಲವರು 'ಹೇಗೋ ಒಂದಷ್ಟು ವರ್ಷವಾದರೂ ಆ ಹುಡುಗಿ ಸ್ವತಂತ್ರವಾಗಿ ಇರುತ್ತಾಳಲ್ಲ, ಒಳ್ಳೆಯದೇ' ಎನ್ನುತ್ತಾರೆ. ನನಗೆ ಈ ಎರಡೂ ಮಾತು ಸಾಲದು ಅನಿಸುತ್ತದೆ. ಬಟ್ಟೆಯ ಜೊತೆ ಕೊಟ್ಟ ಸ್ವಾತಂತ್ರ್ಯವನ್ನು ಬಟ್ಟೆಯ ಜೊತೆಗೇ ವಾಪಸ್ ಕೇಳಬಹುದು. ಅದು ಅನುಮತಿಯೇ ಹೊರತು ಹಕ್ಕಲ್ಲ. ಈ ವ್ಯತ್ಯಾಸ ಅಫ್ಗಾನಿಸ್ತಾನಕ್ಕೆ ಮಾತ್ರ ಸಂಬಂಧಿಸಿದ್ದಲ್ಲ ಎಂದು ಹೇಳುವುದಕ್ಕೇ ಈ ಬರಹ.

ಮನೆಗೊಬ್ಬ ಮಗ ಬೇಕು

ಅಫ್ಗನ್ ಸಮಾಜದಲ್ಲಿ ಗಂಡುಮಗ ಇಲ್ಲದ ಮನೆಯನ್ನು ಅರೆ ಮನೆ ಎಂಬಂತೆ ನೋಡುತ್ತಾರೆ. ಆಸ್ತಿ, ಮನೆತನದ ಹೆಸರು, ವಯಸ್ಸಾದ ಮೇಲಿನ ಆಸರೆ ಎಲ್ಲವೂ ಮಗನ ಮೇಲೆಯೇ ನಿಂತಿವೆ. ಹೆಣ್ಣುಮಕ್ಕಳನ್ನು ಮಾತ್ರ ಹೆತ್ತವಳನ್ನು ನೆಂಟರು, ಅಕ್ಕಪಕ್ಕದವರು ಕನಿಕರದಿಂದ ನೋಡುತ್ತಾರೆ, ಕೆಲವೊಮ್ಮೆ ಹೀಯಾಳಿಸುತ್ತಾರೆ. ಹಾಗಾಗಿ ಹೆಣ್ಣುಮಕ್ಕಳಲ್ಲೇ ಒಬ್ಬಳನ್ನು ಮಗನಂತೆ ಬೆಳೆಸುತ್ತಾರೆ. ಕಾರಣ ಒಂದೇ ಇರಬೇಕೆಂದಿಲ್ಲ. ಬಡ ಮನೆಗೆ ಅಂಗಡಿಯಲ್ಲಿ, ಬೀದಿಯಲ್ಲಿ ದುಡಿಯುವ ಕೈ ಬೇಕು. ಅಕ್ಕಂದಿರು ಹೊರಗೆ ಹೋಗಬೇಕಾದರೆ ಜೊತೆಗೊಬ್ಬ ಗಂಡು ಬೇಕು. ಹೀಗೆ ಮಾಡಿದರೆ ಮುಂದಿನ ಮಗು ಗಂಡಾಗುತ್ತದೆ ಎಂಬ ನಂಬಿಕೆಯೂ ಅಲ್ಲಿದೆ.

ಇದು ಬಡವರ, ಓದದವರ ಮನೆಯ ಕಥೆ ಮಾತ್ರ ಎಂದುಕೊಳ್ಳಬೇಡಿ. ಸ್ವೀಡನ್ನಿನ ಪತ್ರಕರ್ತೆ ಜೆನ್ನಿ ನಾರ್ಡ್‌ಬರ್ಗ್ 2010ರಲ್ಲಿ 'ನ್ಯೂಯಾರ್ಕ್ ಟೈಮ್ಸ್'ನಲ್ಲಿ ಬರೆದ ವರದಿಯಿಂದ ಈ ಪದ್ಧತಿ ಹೊರಗಿನ ಜಗತ್ತಿನ ಗಮನಕ್ಕೆ ಬಂತು. 2014ರಲ್ಲಿ ಅವರು ಇದರ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ಆ ವರದಿಯ ಮುಖ್ಯ ವ್ಯಕ್ತಿ ಅಜಿತಾ ರಫಾತ್, ಬಾದ್ಘಿಸ್ ಪ್ರಾಂತ್ಯದಿಂದ ಆಯ್ಕೆಯಾದ ಸಂಸದೆ. ದೇಶದ ಕಾನೂನು ಮಾಡುವ ಸಭೆಯಲ್ಲಿ ಕೂರುವ ಆಕೆಗೆ ನಾಲ್ವರು ಹೆಣ್ಣುಮಕ್ಕಳು. ಗಂಡುಮಗ ಇಲ್ಲ ಎಂಬ ಕಾರಣಕ್ಕೆ ಜನರ ಮುಂದೆ ಆಕೆಯ ಮಾತಿಗೆ ತೂಕ ಕಡಿಮೆ. ಕೊನೆಗೆ ಆಕೆ ಮತ್ತು ಆಕೆಯ ಗಂಡ ಕೊನೆಯ ಮಗಳಿಗೆ ಗಂಡುಡುಗೆ ತೊಡಿಸಿದರು. ಸೈಕಲ್ ಹೊಡೆಯಬಹುದು, ಕ್ರಿಕೆಟ್ ಆಡಬಹುದು, ಹುಡುಗನಾಗುತ್ತೀಯಾ ಎಂದು ಕೇಳಿದಾಗ ಮಗು ಖುಷಿಯಿಂದ ಒಪ್ಪಿಕೊಂಡಿತಂತೆ. ಯಾವ ಮಗು ಬೇಡ ಎನ್ನುತ್ತದೆ ಹೇಳಿ?

ಇದನ್ನು ತಾಲಿಬಾನ್ ಹುಟ್ಟುಹಾಕಿತು ಎನ್ನುವಂತೆಯೂ ಇಲ್ಲ. ಹೆಣ್ಣು ಗಂಡಿನ ವೇಷ ತೊಡುವುದು ಅಲ್ಲಿ ಅದಕ್ಕಿಂತ ಎಷ್ಟೋ ಹಳೆಯದು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅಮೀರ್ ಹಬೀಬುಲ್ಲಾ ಖಾನನ ಅಂತಃಪುರಕ್ಕೆ ಗಂಡಿನ ಉಡುಪು ತೊಟ್ಟ ಹೆಂಗಸರೇ ಕಾವಲು ಕಾಯುತ್ತಿದ್ದರು. ಇದು ಒಂದು ಧರ್ಮದ ವಿಷಯವೂ ಅಲ್ಲ. ಯುರೋಪಿನ ಅಲ್ಬೇನಿಯಾದ ಉತ್ತರದ ಬೆಟ್ಟಗಳಲ್ಲಿ, ಕ್ರೈಸ್ತರಲ್ಲೂ ಮುಸ್ಲಿಮರಲ್ಲೂ, ಮದುವೆಯಾಗುವುದಿಲ್ಲ ಎಂದು ಪ್ರಮಾಣ ಮಾಡಿ ಜೀವನವಿಡೀ ಗಂಡಸಾಗಿ ಬದುಕುವ ಹೆಂಗಸರಿದ್ದರು. ಅವರನ್ನು 'ಬುರ್ನೇಶಾ' ಎನ್ನುತ್ತಾರೆ. ಮನೆಯ ಯಜಮಾನಿಕೆ, ಆಸ್ತಿ, ಗಂಡಸರ ಪಂಕ್ತಿಯಲ್ಲಿ ಜಾಗ, ಎಲ್ಲವೂ ಅವರಿಗೆ ಸಿಗುತ್ತಿತ್ತು. ಇನ್ನು ನಮ್ಮ ಮಹಾಭಾರತದಲ್ಲಿ ದ್ರುಪದ ಮಗಳನ್ನೇ ಮಗನೆಂದು ಬೆಳೆಸಿದ ಶಿಖಂಡಿಯ ಕಥೆ ಯಾರಿಗೆ ಗೊತ್ತಿಲ್ಲ? ಗಂಡಿಗೆ ಮಾತ್ರ ಬೆಲೆ ಕೊಡುವ ಸಮಾಜ ಎಲ್ಲೇ ಇರಲಿ, ಹೆಣ್ಣಿಗೆ ಗಂಡಿನ ವೇಷ ಹಾಕಿಸುವ ದಾರಿಯೊಂದನ್ನು ಅದು ಹುಡುಕಿಕೊಂಡಿದೆ.

ಕಿರಾಣಿ ಚೀಲದೊಳಗಿನ ಪುಸ್ತಕ

1996ರಲ್ಲಿ ತಾಲಿಬಾನ್ ಮೊದಲ ಬಾರಿ ಕಾಬೂಲ್ ಹಿಡಿದಾಗ ಈ ವೇಷಕ್ಕೆ ಇನ್ನೊಂದು ಅರ್ಥ ಬಂತು. ಹೆಣ್ಣುಮಕ್ಕಳ ಶಾಲೆಗಳು ಮುಚ್ಚಿದವು. ಹೆಂಗಸರು ಕೆಲಸಕ್ಕೆ ಹೋಗುವಂತಿಲ್ಲ, ಗಂಡಸರ ಜೊತೆಯಿಲ್ಲದೆ ಬೀದಿಗಿಳಿಯುವಂತಿಲ್ಲ. ಯುದ್ಧದಲ್ಲಿ ಗಂಡನನ್ನೂ ಮಗನನ್ನೂ ಕಳೆದುಕೊಂಡ ಮನೆಗಳು ಊಟಕ್ಕೇನು ಮಾಡಬೇಕು?

ಶಬಾನಾ ಬಾಸಿಜ್-ರಸಿಖ್ ಆಗ ಆರು ವರ್ಷದ ಹುಡುಗಿ. ಅಕ್ಕನನ್ನು ಗುಟ್ಟಾದ ಶಾಲೆಗೆ ಕರೆದುಕೊಂಡು ಹೋಗಬೇಕಿತ್ತು, ಜೊತೆಗೆ ಗಂಡು ಬೇಕಿತ್ತು. ಶಬಾನಾಗೆ ಹುಡುಗನ ಬಟ್ಟೆ ತೊಡಿಸಿದರು. ಐದು ವರ್ಷ ಹೀಗೆ ಇಬ್ಬರೂ ಓದಿದರು. ದಿನಕ್ಕೊಂದು ದಾರಿ ಬದಲಿಸುತ್ತಿದ್ದರು. ಪುಸ್ತಕಗಳನ್ನು ಕಿರಾಣಿ ಸಾಮಾನಿನ ಚೀಲದಲ್ಲಿ ಬಚ್ಚಿಟ್ಟುಕೊಂಡು ಹೋಗುತ್ತಿದ್ದರು. ಒಂದು ಮನೆಯ ಪುಟ್ಟ ಕೋಣೆಯಲ್ಲಿ ನೂರಕ್ಕೂ ಹೆಚ್ಚು ಹುಡುಗಿಯರು ಒತ್ತೊತ್ತಾಗಿ ಕೂತು ಪಾಠ ಕೇಳುತ್ತಿದ್ದರು ಎಂದು ಆಕೆಯೇ ಹೇಳಿಕೊಂಡಿದ್ದಾರೆ. ಅದೇ ಶಬಾನಾ ಮುಂದೆ ಅಮೆರಿಕದಲ್ಲಿ ಪದವಿ ಪಡೆದು, ಕಾಬೂಲ್‌ಗೆ ಮರಳಿ 'ಸೋಲಾ' ಎಂಬ ಹೆಣ್ಣುಮಕ್ಕಳ ವಸತಿ ಶಾಲೆ ಕಟ್ಟಿದರು. 2021ರ ಆಗಸ್ಟ್‌ನಲ್ಲಿ ತಾಲಿಬಾನ್ ಮರಳಿ ಬಂದಾಗ ಆಕೆ ಮೊದಲು ಮಾಡಿದ ಕೆಲಸಗಳಲ್ಲಿ ಒಂದು, ತನ್ನ ವಿದ್ಯಾರ್ಥಿನಿಯರ ದಾಖಲೆಗಳನ್ನು ಸುಟ್ಟುಹಾಕಿದ್ದು. ಆ ಕಾಗದಗಳು ಸಿಕ್ಕರೆ ಹುಡುಗಿಯರಿಗೂ ಅವರ ಮನೆಯವರಿಗೂ ಅಪಾಯ ಎಂಬ ಭಯ. ಶಾಲೆಯೇ ಈಗ ಆಫ್ರಿಕಾದ ರುವಾಂಡಾದಲ್ಲಿ ನಡೆಯುತ್ತಿದೆ.

ನಮ್ಮಲ್ಲಿ ಮಾರ್ಕ್ಸ್ ಕಾರ್ಡ್ ಕಳೆದುಹೋದರೆ ಪೊಲೀಸ್ ಠಾಣೆಗೆ ದೂರು ಕೊಟ್ಟು, ಅಫಿಡವಿಟ್ ಮಾಡಿಸಿ, ಯೂನಿವರ್ಸಿಟಿಗೆ ಅಲೆಯುತ್ತೇವೆ. ಕೆಲಸ ಹುಡುಕುವವರಿಗೆ ಆ ಕಾಗದದ ಬೆಲೆ ಏನೆಂದು ಬೇರೆ ಹೇಳಬೇಕಿಲ್ಲ. ಓದಿದ್ದಕ್ಕೆ ಇದ್ದ ಪುರಾವೆಯನ್ನು ಪ್ರಾಣ ಉಳಿಸುವುದಕ್ಕಾಗಿ ಸುಡಬೇಕಾದ ಪರಿಸ್ಥಿತಿಯನ್ನು ಒಮ್ಮೆ ಯೋಚಿಸಿ ನೋಡಿ.

ನಾದಿಯಾ ಗುಲಾಂ ಕಥೆ ಇನ್ನೊಂದು ಬಗೆಯದು. 1993ರಲ್ಲಿ, ಅಂತರ್ಯುದ್ಧದ ಕಾಲದಲ್ಲಿ, ಕಾಬೂಲ್‌ನ ಆಕೆಯ ಮನೆಯ ಮೇಲೆ ಬಾಂಬ್ ಬಿತ್ತು. ಎಂಟು ವರ್ಷದ ಹುಡುಗಿ ತೀವ್ರವಾಗಿ ಸುಟ್ಟುಹೋದಳು. ತಾಲಿಬಾನ್ ಬಂದ ಮೇಲೆ ಮನೆಗೆ ದುಡಿಯುವವರು ಇರಲಿಲ್ಲ. ತೀರಿಹೋಗಿದ್ದ ಅಣ್ಣನ ಹೆಸರಿಟ್ಟುಕೊಂಡು, ತಲೆಗೆ ರುಮಾಲು ಸುತ್ತಿ ನಾದಿಯಾ ಕೂಲಿಗೆ ಇಳಿದಳು. ಹತ್ತು ವರ್ಷ ಹುಡುಗನಾಗಿಯೇ ಬದುಕಿದಳು. ಕೊನೆಗೆ ಚಿಕಿತ್ಸೆಗೆಂದು ಸ್ಪೇನ್‌ನ ಬಾರ್ಸಿಲೋನಾಕ್ಕೆ ಹೋಗಿ ಅಲ್ಲೇ ಓದಿ, ತನ್ನ ಕಥೆಯನ್ನು ಪುಸ್ತಕ ಮಾಡಿದಳು.

ತಾಲಿಬಾನ್ ಆಡಳಿತ ಬಿದ್ದ ಮೇಲೆ ಅಫ್ಗಾನಿಸ್ತಾನದಲ್ಲಿ ತಯಾರಾದ ಮೊದಲ ಚಲನಚಿತ್ರ, ಸಿದ್ದಿಕ್ ಬರ್ಮಕ್ ನಿರ್ದೇಶನದ 'ಒಸಾಮಾ' (2003), ಇಂಥದೇ ಕಥೆ ಹೇಳುತ್ತದೆ. ದುಡಿಯುವ ಗಂಡಸರಿಲ್ಲದ ಮನೆಯ ಹುಡುಗಿಗೆ ತಾಯಿ, ಅಜ್ಜಿ ಸೇರಿ ಹುಡುಗನ ವೇಷ ಹಾಕಿ ಕೆಲಸಕ್ಕೆ ಕಳಿಸುತ್ತಾರೆ. ಆ ಚಿತ್ರಕ್ಕೆ ಗೋಲ್ಡನ್ ಗ್ಲೋಬ್ ಪ್ರಶಸ್ತಿ ಬಂತು. ಕಥೆಯಲ್ಲಿ ಆ ಹುಡುಗಿಯ ಗುಟ್ಟು ರಟ್ಟಾಗುತ್ತದೆ. ಮುದಿ ಮುಲ್ಲಾನೊಬ್ಬನಿಗೆ ಅವಳನ್ನು ಕಟ್ಟುತ್ತಾರೆ. ವೇಷ ಅವಳನ್ನು ಕಾಪಾಡುವುದಿಲ್ಲ.

ಲ್ಯಾಬ್‌ನಲ್ಲಿ ಕಲಿತ ಪಾಠ

ಎಂಜಿನಿಯರಿಂಗ್ ಲ್ಯಾಬ್‌ನಲ್ಲಿ ನಮಗೆ ಮೊದಲು ಕಲಿಸುವ ಪಾಠವೊಂದಿದೆ. ಯಾವುದರಿಂದ ಏನಾಗುತ್ತದೆ ಎಂದು ತಿಳಿಯಬೇಕಾದರೆ ಉಳಿದೆಲ್ಲವನ್ನೂ ಇದ್ದಂತೆಯೇ ಇಟ್ಟು ಒಂದನ್ನು ಮಾತ್ರ ಬದಲಿಸಬೇಕು. ಔಟ್‌ಪುಟ್ ಬದಲಾದರೆ ಕಾರಣ ಗೊತ್ತಾಗುತ್ತದೆ.

ಬಚ್ಚಾ ಪೋಶ್ ಇಂಥ ಪ್ರಯೋಗದ ಹಾಗೆಯೇ ಇದೆ. ಅದೇ ಹುಡುಗಿ, ಅದೇ ಮೆದುಳು, ಅದೇ ಕೈಕಾಲು, ಅದೇ ಮನೆ, ಅದೇ ಊಟ. ಬದಲಾದದ್ದು ಕೂದಲು, ಬಟ್ಟೆ, ಹೆಸರು ಮಾತ್ರ. ಆದರೆ ಔಟ್‌ಪುಟ್ ನೋಡಿ. ನಿನ್ನೆ 'ಇವಳಿಗೆ ಲೆಕ್ಕ ಹತ್ತುವುದಿಲ್ಲ' ಎನಿಸಿಕೊಂಡವಳು ಇವತ್ತು ಅಂಗಡಿಯ ಗಲ್ಲಾದಲ್ಲಿ ಕೂತು ವ್ಯಾಪಾರ ಮಾಡುತ್ತಾಳೆ. ನಿನ್ನೆ ರಕ್ಷಣೆ ಬೇಕಾಗಿದ್ದವಳು ಇವತ್ತು ಅಕ್ಕನಿಗೆ ರಕ್ಷಣೆ ಕೊಡುವವಳು! ಆರು ವರ್ಷದ ಮಗು ಹದಿನಾರರ ಅಕ್ಕನನ್ನು ಯಾವ ಗೂಂಡಾನಿಂದ ಕಾಪಾಡಬಲ್ಲದು? ಅದು ಎಲ್ಲರಿಗೂ ಗೊತ್ತು. ಅಂಗಿ ಗಂಡಿನದಾದರೆ ಆಯಿತು, ನಿಯಮ ಪಾಲಿಸಿದಂತಾಯಿತು.

ನನ್ನ ಪ್ರಕಾರ ಈ ಪದ್ಧತಿಯಲ್ಲಿ ಆ ಸಮಾಜದ ಒಂದು ತಪ್ಪೊಪ್ಪಿಗೆ ಅಡಗಿದೆ. ಹೆಣ್ಣಿಗೆ ಶಕ್ತಿಯಿಲ್ಲ, ಬುದ್ಧಿಯಿಲ್ಲ, ಅದಕ್ಕೇ ಒಳಗಿರಬೇಕು ಎನ್ನುವ ಸಮಾಜವೇ, ಬೇಕಾದಾಗ ಹೆಣ್ಣಿಗೆ ಪ್ಯಾಂಟು ತೊಡಿಸಿ ಎಲ್ಲವನ್ನೂ ಮಾಡಿಸಿಕೊಳ್ಳುತ್ತದೆ. ತಾನು ಹೇಳುವುದು ಸುಳ್ಳು ಎಂದು ಅದಕ್ಕೆ ಒಳಗೊಳಗೇ ಗೊತ್ತಿದೆ. ಅಕ್ಕಪಕ್ಕದವರಿಗೂ ಎಷ್ಟೋ ಸಲ ಸತ್ಯ ಗೊತ್ತಿರುತ್ತದೆ, ಶಾಲೆಯ ಶಿಕ್ಷಕರಿಗೂ ಗೊತ್ತಿರುತ್ತದೆ. ಆದರೂ ಯಾರೂ ಬಾಯಿ ಬಿಡುವುದಿಲ್ಲ. ವೇಷ ಹಾಕಿದ ಹುಡುಗಿಯಿಂದ ನಿಯಮಕ್ಕೇನೂ ಧಕ್ಕೆಯಿಲ್ಲ. ವೇಷವಿಲ್ಲದೆ ಅದನ್ನೇ ಕೇಳುವ ಹುಡುಗಿ ಬಂದರೆ ಮಾತ್ರ ಗಲಾಟೆ.

ಬಟ್ಟೆ ವಾಪಸ್ ಕೇಳುವ ದಿನ

ಆ ದಿನ ಬಂದೇ ಬರುತ್ತದೆ. ಹುಡುಗಿ ಮೈನೆರೆಯುವ ವಯಸ್ಸಿಗೆ ಬಂದಳು ಎಂದರೆ ಮನೆಯವರು ಸಾಮಾನ್ಯವಾಗಿ ಅವಳನ್ನು ಮತ್ತೆ ಹೆಣ್ಣು ಮಾಡುತ್ತಾರೆ. ಕೂದಲು ಬಿಡಬೇಕು, ತಲೆಗೆ ಬಟ್ಟೆ ಹೊದೆಯಬೇಕು, ನೋಟ ಕೆಳಗಿರಬೇಕು, ನಗು ಸಣ್ಣದಾಗಬೇಕು, ಹೆಜ್ಜೆ ಚಿಕ್ಕದಾಗಬೇಕು. ಅಡುಗೆ, ಹೊಲಿಗೆ ಮೊದಲಿನಿಂದ ಕಲಿಯಬೇಕು. ನಿನ್ನೆಯವರೆಗೆ ಜೊತೆಗೆ ಆಡಿದ ಹುಡುಗರ ಜೊತೆ ಇನ್ನು ಮಾತೂ ಇಲ್ಲ. ಮುಂದೆ ಮದುವೆ.

ಹುಟ್ಟಿದಾಗಿನಿಂದ ಒಳಗೇ ಇದ್ದವಳಿಗೆ ಹೊರಗೇನಿದೆ ಎಂಬುದು ಊಹೆ. ಇವಳು ಹೊರಗಿನದನ್ನು ಕಣ್ಣಾರೆ ಕಂಡವಳು. ಸೈಕಲ್ ಇಳಿಜಾರಿನಲ್ಲಿ ಹೋಗುವಾಗ ಮುಖಕ್ಕೆ ಬಡಿಯುವ ಗಾಳಿ ಹೇಗಿರುತ್ತದೆ ಎಂದು ಇವಳಿಗೆ ಗೊತ್ತು. ಅದನ್ನು ಕೊಟ್ಟು ಕಿತ್ತುಕೊಳ್ಳುತ್ತಾರೆ. ಅದಕ್ಕೇ 'ಒಂದಷ್ಟು ವರ್ಷವಾದರೂ ಸಿಕ್ಕಿತಲ್ಲ' ಎಂಬ ಸಮಾಧಾನ ನನಗೆ ಒಪ್ಪಿಗೆಯಾಗುವುದಿಲ್ಲ.

ಮೇಲೆ ಹೇಳಿದ ಸಂಸದೆ ಅಜಿತಾ ಕೂಡ ಚಿಕ್ಕವಳಿದ್ದಾಗ ಬಚ್ಚಾ ಪೋಶ್ ಆಗಿದ್ದವರು, ಕಾಬೂಲ್‌ನಲ್ಲಿ ತಂದೆಯ ಅಂಗಡಿಯಲ್ಲಿ ದುಡಿದವರು. ಅಂಥ ಹುಡುಗಿಯನ್ನು ಮುಂದೆ ಹೆತ್ತವರು ದೂರದ ಬಾದ್ಘಿಸ್‌ನಲ್ಲಿದ್ದ ಸಂಬಂಧಿಕನಿಗೆ ಎರಡನೇ ಹೆಂಡತಿಯಾಗಿ ಕೊಟ್ಟು ಮದುವೆ ಮಾಡಿದರು. ಗಂಡಾಗಿ ಗಳಿಸಿದ ಧೈರ್ಯವೇ ತನ್ನನ್ನು ಸಂಸತ್ತಿನವರೆಗೂ ತಂದಿತು ಎಂದು ಆಕೆ ನಂಬುತ್ತಿದ್ದರು. ಆದರೆ ಆ ಧೈರ್ಯಕ್ಕೆ ಮದುವೆಯ ವಿಷಯದಲ್ಲಿ ಯಾವ ಬೆಲೆಯೂ ಸಿಗಲಿಲ್ಲ.

ವಾಪಸ್ ಕೊಡಲು ಒಪ್ಪದವರೂ ಇದ್ದಾರೆ. ಖೋಸ್ತ್ ಪ್ರಾಂತ್ಯದ ಉಕ್ಮಿನಾ ಮನೂರಿ ಮತ್ತೆ ಹೆಣ್ಣುಡುಗೆ ತೊಡಲು ನಿರಾಕರಿಸಿ ಗಂಡಸಾಗಿಯೇ ಬದುಕಿದರು. ಸೋವಿಯತ್ ಸೇನೆಯ ವಿರುದ್ಧದ ಯುದ್ಧದಲ್ಲಿ ಪಾಲ್ಗೊಂಡರು, ಪ್ರಾಂತ್ಯದ ಕೌನ್ಸಿಲ್‌ಗೆ ಆಯ್ಕೆಯಾದರು. ಗಡಿಯಾಚೆ ಪಾಕಿಸ್ತಾನದ ದಕ್ಷಿಣ ವಜೀರಿಸ್ತಾನದ ಮರಿಯಾ ತೂರ್ಪಕೈ ವಜೀರ್ ನಾಲ್ಕನೇ ವಯಸ್ಸಿನಲ್ಲಿ ತನ್ನ ಹುಡುಗಿ ಬಟ್ಟೆಗಳನ್ನೆಲ್ಲ ಸುಟ್ಟಳು. ತಂದೆ ಬೈಯಲಿಲ್ಲ. ನಗುತ್ತಾ 'ಗೆಂಘಿಸ್ ಖಾನ್' ಎಂದು ಹೆಸರಿಟ್ಟರು. ಹುಡುಗರ ಜೊತೆ ವೇಟ್‌ಲಿಫ್ಟಿಂಗ್ ಮಾಡಿದ ಆಕೆ ಮುಂದೆ ಹುಡುಗಿಯಾಗಿಯೇ ಸ್ಕ್ವಾಷ್ ಆಡಿ ಅಂತರರಾಷ್ಟ್ರೀಯ ಆಟಗಾರ್ತಿಯಾದರು. ಬೆದರಿಕೆಗಳು ಬಂದ ಮೇಲೆ ಮನೆಯೊಳಗೇ ಅಭ್ಯಾಸ ಮಾಡಿ, ಕೊನೆಗೆ ಕೆನಡಾಕ್ಕೆ ಹೋಗಬೇಕಾಯಿತು.

ಇವರೆಲ್ಲ ಗಟ್ಟಿಗಿತ್ತಿಯರು, ಅನುಮಾನವೇ ಇಲ್ಲ. ಆದರೆ ಹುಡುಗಿಯೊಬ್ಬಳು ಆಟವಾಡಲು, ಓದಲು, ಬೀದಿಯಲ್ಲಿ ನಡೆಯಲು ಇಷ್ಟೊಂದು ಗಟ್ಟಿಗಿತ್ತಿಯಾಗಬೇಕೆ? ಹುಡುಗರಲ್ಲಿ ಸಾಧಾರಣದವನೂ ಇವೆಲ್ಲವನ್ನೂ ಮಾಡುತ್ತಾನಲ್ಲ.

ಈಗ ವೇಷವೂ ಸಾಲದು

2021ರ ಆಗಸ್ಟ್ 15ರಂದು ತಾಲಿಬಾನ್ ಮತ್ತೆ ಕಾಬೂಲ್ ಹಿಡಿಯಿತು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಪ್ರೌಢಶಾಲೆಗಳು ಹುಡುಗರಿಗೆ ಮಾತ್ರ ತೆರೆದವು. ಡಿಸೆಂಬರ್‌ನಲ್ಲಿ ಹೆಂಗಸರು 72 ಕಿಲೋಮೀಟರ್‌ಗಿಂತ ದೂರ ಹೋಗಬೇಕಾದರೆ ಮನೆಯ ಗಂಡಸೊಬ್ಬ ಜೊತೆಗಿರಬೇಕು ಎಂಬ ಆದೇಶ ಬಂತು. 2022ರ ಡಿಸೆಂಬರ್‌ನಲ್ಲಿ ವಿಶ್ವವಿದ್ಯಾಲಯಗಳ ಬಾಗಿಲು ಮುಚ್ಚಿತು. 2024ರ ಆಗಸ್ಟ್‌ನ ಹೊಸ ಕಾನೂನು ಸಾರ್ವಜನಿಕ ಜಾಗದಲ್ಲಿ ಹೆಣ್ಣಿನ ದನಿಯೂ ಕೇಳಿಸಬಾರದು ಎಂದಿತು. ಅದೇ ಡಿಸೆಂಬರ್‌ನಲ್ಲಿ ನರ್ಸಿಂಗ್, ಸೂಲಗಿತ್ತಿ ತರಬೇತಿಗೂ ತಡೆ ಬಿತ್ತು. ಗಂಡು ವೈದ್ಯರು ಹೆಣ್ಣು ರೋಗಿಗಳನ್ನು ಮುಟ್ಟುವುದೇ ಕಷ್ಟವಾಗಿರುವ ದೇಶದಲ್ಲಿ ಇನ್ನು ಹೆರಿಗೆ ಮಾಡಿಸುವವರು ಯಾರು? ಪ್ರೌಢಶಿಕ್ಷಣದಿಂದ ಹುಡುಗಿಯರು ಹೊರಗುಳಿದಿರುವ ಸಂಖ್ಯೆ 22 ಲಕ್ಷ ಎಂದು ಯುನಿಸೆಫ್ 2025ರ ಮಾರ್ಚ್‌ನಲ್ಲಿ ಹೇಳಿತು.

ಹುಡುಗಿಯರಿಗೆ ಓದಿನಲ್ಲಿ ಆಸಕ್ತಿಯಿಲ್ಲ ಎಂದು ಮಾತ್ರ ಯಾರೂ ಹೇಳುವಂತಿಲ್ಲ. ನಮ್ಮ ಸಿಇಟಿಯ ಹಾಗೆ ಅಲ್ಲಿ 'ಕಾಂಕೋರ್' ಎಂಬ ಪ್ರವೇಶ ಪರೀಕ್ಷೆಯಿದೆ. 2020ರಲ್ಲಿ ಅದರಲ್ಲಿ ಇಡೀ ದೇಶಕ್ಕೆ ಮೊದಲು ಬಂದವಳು ಕಲ್ಲಿದ್ದಲು ಗಣಿ ಕಾರ್ಮಿಕನ ಮಗಳು. ಆಕೆ ಓದುತ್ತಿದ್ದ ಟ್ಯೂಷನ್ ಕೇಂದ್ರದ ಮೇಲೆ 2018ರಲ್ಲಿ ಬಾಂಬ್ ದಾಳಿ ನಡೆದು ಹತ್ತಾರು ಮಕ್ಕಳು ಸತ್ತಿದ್ದರು. 2021ರಲ್ಲಿ ಮೊದಲು ಬಂದವಳೂ ಹುಡುಗಿಯೇ. ಹೆರಾತ್‌ನ ಹುಡುಗಿಯರ ರೋಬೊಟಿಕ್ಸ್ ತಂಡ 2017ರಲ್ಲಿ ಎರಡು ಸಲ ವೀಸಾ ನಿರಾಕರಣೆಯಾದರೂ ಛಲ ಬಿಡದೆ ವಾಷಿಂಗ್ಟನ್‌ನ ಸ್ಪರ್ಧೆಗೆ ಹೋಗಿಬಂತು. 2020ರ ಕೋವಿಡ್ ಕಾಲದಲ್ಲಿ ಅದೇ ತಂಡ ಟೊಯೊಟಾ ಕೊರೊಲಾ ಕಾರಿನ ಬಿಡಿಭಾಗಗಳಿಂದ ಕಡಿಮೆ ವೆಚ್ಚದ ವೆಂಟಿಲೇಟರ್ ಮಾದರಿ ತಯಾರಿಸಿತು. ಮಿನಿ ಪ್ರಾಜೆಕ್ಟ್‌ಗೆ ರೆಡಿಮೇಡ್ ಕಿಟ್ ಎಲ್ಲಿ ಸಿಗುತ್ತದೆ ಎಂದು ವಿಚಾರಿಸುವ ನಮ್ಮಂಥವರು ಅದರ ಮುಂದೆ ಏನು ಹೇಳೋಣ! ತಾಲಿಬಾನ್ ಬಂದ ಮೇಲೆ ಆ ತಂಡದ ಹಲವರು ಕತಾರ್, ಮೆಕ್ಸಿಕೊ ದೇಶಗಳಿಗೆ ಹೋದರು.

ಈಗಲೂ ಅಲ್ಲಿ ಹುಡುಗನ ವೇಷದ ಹುಡುಗಿಯರಿದ್ದಾರೆ, ವರದಿಗಳು ಬರುತ್ತಲೇ ಇವೆ. ಆದರೆ ವೇಷ ನಡೆಯುವುದು ಮೈನೆರೆಯುವವರೆಗೆ ಮಾತ್ರ. ಆರನೇ ತರಗತಿಯ ಮೇಲಿನ ಓದು ಶುರುವಾಗುವುದೂ ಅದೇ ವಯಸ್ಸಿಗೆ. ಅಂದರೆ ವೇಷ ಅತಿ ಹೆಚ್ಚು ಬೇಕಾದ ಹೊತ್ತಿಗೇ ಅದು ಕೈಕೊಡುತ್ತದೆ. ಒಬ್ಬೊಬ್ಬರು ಒಬ್ಬೊಬ್ಬ ಮಗಳನ್ನು ಗುಟ್ಟಾಗಿ ದಾಟಿಸುವ ಉಪಾಯದಿಂದ 22 ಲಕ್ಷ ಮಂದಿ ದಾಟುವುದಿಲ್ಲ.

'ಅದು ಅವರ ಧರ್ಮ, ಅವರ ಸಂಸ್ಕೃತಿ, ನಮಗೇಕೆ' ಎನ್ನುವವರಿದ್ದಾರೆ. ವಿಶ್ವವಿದ್ಯಾಲಯಗಳನ್ನು ಮುಚ್ಚಿದಾಗ ಈಜಿಪ್ಟ್‌ನ ಅಲ್-ಅಜರ್‌ನ ಮುಖ್ಯ ಇಮಾಮರೇ ಇದು ಷರಿಯತ್‌ಗೆ ವಿರುದ್ಧ ಎಂದರು. ಅಫ್ಗಾನಿಸ್ತಾನದಲ್ಲೇ 1921ರಲ್ಲಿ ದೊರೆ ಅಮಾನುಲ್ಲಾ ಮತ್ತು ರಾಣಿ ಸೊರಯಾ ಕಾಬೂಲ್‌ನಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದಿದ್ದರು. 2004ರ ಸಂವಿಧಾನದ ನಂತರ ಸಂಸತ್ತಿನ ಕೆಳಮನೆಯಲ್ಲಿ ಹೆಂಗಸರಿಗೆ 68 ಸ್ಥಾನ ಮೀಸಲಿತ್ತು. ಹಾಗಾದರೆ ಇವು ಯಾರ ಸಂಸ್ಕೃತಿ?

ನಮ್ಮ ಮನೆಯ ಮಾತು

ಇಷ್ಟೆಲ್ಲ ಓದಿ 'ಸದ್ಯ, ನಾವು ಅಲ್ಲಿ ಹುಟ್ಟಲಿಲ್ಲ' ಎಂದು ನಿಟ್ಟುಸಿರು ಬಿಡುವುದು ಸುಲಭ. ನನಗೂ ಆ ನೆಮ್ಮದಿ ಇದೆ. ಇಲ್ಲಿ ಸಂವಿಧಾನ ಇದೆ, ಸೀಟಿದೆ, ಸ್ಕಾಲರ್‌ಶಿಪ್ ಇದೆ. ಕಾಬೂಲ್‌ನ ಹುಡುಗಿಯ ಪಾಡನ್ನೂ ನನ್ನದನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಅದು ಆಕೆಗೆ ಮಾಡುವ ಅನ್ಯಾಯ.

ಆದರೆ ಒಂದು ಮಾತು ಕೇಳಿ. ನಮ್ಮ ಮನೆಯಲ್ಲಿ ನಾವು ಇಬ್ಬರು ಹೆಣ್ಣುಮಕ್ಕಳು. ನನಗೆ ಬಿ.ಇ. ಸೀಟು ಸಿಕ್ಕಾಗ ನೆಂಟರೊಬ್ಬರು ಅಪ್ಪನಿಗೆ ಹೇಳಿದ್ದು, 'ಚಿಂತೆ ಬಿಡಪ್ಪ, ನಿನ್ನ ಮಗಳು ಮಗ ಇದ್ದ ಹಾಗೆ.' ಹೊಗಳಿಕೆಯೇ ಅದು. ಈ ಮಾತು ಕೇಳದ ಹುಡುಗಿ ನಮ್ಮ ಕ್ಲಾಸಿನಲ್ಲಿ ಯಾರೂ ಇಲ್ಲ. ಬೈಕ್ ಓಡಿಸಿದರೆ ಗಂಡುಬೀರಿ, ಮನೆಯ ಸಾಲ ತೀರಿಸಿದರೆ ಗಂಡುಮಗನ ಹಾಗೆ. ಒಳ್ಳೆಯದು ಮಾಡಿದಾಗಲೆಲ್ಲ ಅದರ ಹೆಸರು ಗಂಡಿನ ಖಾತೆಗೆ ಜಮಾ. ಹೆಣ್ಣಿನ ಖಾತೆ ಖಾಲಿಯೇ ಉಳಿಯುತ್ತದೆ. ಬಟ್ಟೆ ತೊಡಿಸದೆ ಮಾತಿನಲ್ಲೇ ವೇಷ ಹಾಕಿಸುತ್ತೇವೆ, ಅಷ್ಟೇ.

ಈ ವೇಷವನ್ನೂ ವಾಪಸ್ ಕೇಳುವ ದಿನ ಬರುತ್ತದೆ. ಪ್ಲೇಸ್‌ಮೆಂಟ್ ಆಗಿ ಬೇರೆ ಊರಿಗೆ ಹೋಗುತ್ತೇನೆ ಎಂದಾಗ, ಮದುವೆ ಇನ್ನು ಎರಡು ವರ್ಷ ಬೇಡ ಎಂದಾಗ, ನಿನ್ನೆಯವರೆಗೆ 'ಮಗ'ನಾಗಿದ್ದವಳಿಗೆ 'ಎಷ್ಟಾದರೂ ನೀನು ಹೆಣ್ಣಲ್ಲವೇ' ಎಂಬ ಉತ್ತರ ಸಿಗುತ್ತದೆ. ನಮ್ಮ ಕ್ಯಾಂಪಸ್‌ನಲ್ಲಿ ಲೈಬ್ರರಿ ರಾತ್ರಿ ಒಂಬತ್ತರವರೆಗೆ ತೆರೆದಿರುತ್ತದೆ. ಹುಡುಗಿಯರ ಹಾಸ್ಟೆಲ್ ಗೇಟು ಏಳಕ್ಕೇ ಮುಚ್ಚುತ್ತದೆ. ಕೇಳಿದರೆ, ನಿಮ್ಮ ರಕ್ಷಣೆಗೇ ಎನ್ನುತ್ತಾರೆ. ಫೀಸು ಮಾತ್ರ ಇಬ್ಬರಿಗೂ ಒಂದೇ.

ಗಂಡುಮಗ ಬೇಕೆಂಬ ಹಟ ನಮ್ಮಲ್ಲಿ ಸತ್ತಿದೆ ಎಂದೂ ಹೇಳುವಂತಿಲ್ಲ. 2023ರ ಕೊನೆಯಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಭ್ರೂಣಲಿಂಗ ಪತ್ತೆ ನಡೆಯುತ್ತಿದ್ದ ಜಾಲ ಬಯಲಾದದ್ದನ್ನು ನಾವೆಲ್ಲ ಪತ್ರಿಕೆಯಲ್ಲಿ ಓದಿದ್ದೇವೆ. ಅದನ್ನು ತಡೆಯುವ ಕಾನೂನು 1994ರಲ್ಲೇ ಬಂದಿದೆ. ಅಫ್ಗಾನಿಸ್ತಾನದ ತಾಯಿ ಹುಟ್ಟಿದ ಮಗಳಿಗೆ ಮಗನ ವೇಷ ಹಾಕುತ್ತಾಳೆ. ಇಲ್ಲಿ ಕೆಲವರು ಮಗಳನ್ನು ಹುಟ್ಟಲೂ ಬಿಡುವುದಿಲ್ಲ. ಬೇರು ಒಂದೇ.

ನಾವೇನು ಮಾಡಬಹುದು?

ಕಾಬೂಲ್‌ನ ಆಡಳಿತವನ್ನು ಇಲ್ಲಿ ಕೂತು ಬದಲಿಸಲು ನಮ್ಮಿಂದಾಗದು, ನಿಜ. ಆದರೆ ಅಫ್ಗನ್ನರು ನಮಗೆ ಪೂರ್ತಿ ಅಪರಿಚಿತರೂ ಅಲ್ಲ. ಐಸಿಸಿಆರ್ ವಿದ್ಯಾರ್ಥಿವೇತನ ಪಡೆದು ಬೆಂಗಳೂರು, ಮೈಸೂರಿನ ಕಾಲೇಜುಗಳಲ್ಲಿ ಎಷ್ಟೋ ಅಫ್ಗನ್ ವಿದ್ಯಾರ್ಥಿಗಳು ಓದಿದ್ದಾರೆ. 2021ರ ಆಗಸ್ಟ್‌ನಲ್ಲಿ ಭಾರತ ಆಗ ದೇಶದ ಹೊರಗಿದ್ದ ಅಫ್ಗನ್ನರ ಹಳೆಯ ವೀಸಾಗಳನ್ನೆಲ್ಲ ರದ್ದು ಮಾಡಿತು. ರಜೆಗೆ ಊರಿಗೆ ಹೋಗಿದ್ದ ವಿದ್ಯಾರ್ಥಿಗಳು ಅಲ್ಲೇ ಸಿಕ್ಕಿಬಿದ್ದರು. ಹುಡುಗರಿಗೆ ಅದು ಒಂದೆರಡು ವರ್ಷದ ನಷ್ಟವಾಗಿರಬಹುದು. ಹುಡುಗಿಯರಿಗೆ ಇದ್ದ ಒಂದೇ ಬಾಗಿಲು ಮುಚ್ಚಿದಂತಾಯಿತು. ಅಂಥವರಿಗೆ ವೀಸಾ, ಸೀಟು, ಆನ್‌ಲೈನ್ ಪದವಿ ಕೊಡುವ ವಿಷಯದಲ್ಲಿ ನಮ್ಮ ವಿಶ್ವವಿದ್ಯಾಲಯಗಳು, ನಮ್ಮ ಸರ್ಕಾರ ಇನ್ನಷ್ಟು ಕೈಚಾಚಬೇಕು. 2025ರ ಸೆಪ್ಟೆಂಬರ್ ಕೊನೆಯಲ್ಲಿ ತಾಲಿಬಾನ್ ಇಡೀ ದೇಶದ ಇಂಟರ್ನೆಟ್ ಅನ್ನು ಎರಡು ದಿನ ಬಂದ್ ಮಾಡಿದಾಗ ಹುಡುಗಿಯರ ಕೊನೆಯ ತರಗತಿಯೂ ಕತ್ತಲಾಯಿತು. ನಮ್ಮಂಥ ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಲೆ ಕೆಡಿಸಿಕೊಳ್ಳಬೇಕಾದ ಪ್ರಶ್ನೆ ಇದು. ನೆಟ್ ಇಲ್ಲದೆಯೂ ನಡೆಯುವ ಪಾಠ, ಮೆಮೊರಿ ಕಾರ್ಡ್‌ನಲ್ಲಿ, ರೇಡಿಯೊದಲ್ಲಿ ತಲುಪುವ ಪಾಠ ತಯಾರಿಸುವುದು ರಾಕೆಟ್ ವಿಜ್ಞಾನವೇನಲ್ಲ. ಫೈನಲ್ ಇಯರ್ ಪ್ರಾಜೆಕ್ಟ್‌ಗೆ ವಿಷಯ ಹುಡುಕುತ್ತಿರುವವರು ಯೋಚಿಸಬಹುದು.

ಇನ್ನೊಂದು ಕೆಲಸ ಮನೆಯಲ್ಲೇ ಆಗಬೇಕು, ದುಡ್ಡೂ ಬೇಡ, ವೀಸಾನೂ ಬೇಡ. ಮುಂದಿನ ಸಲ ಯಾರಾದರೂ 'ಮಗಳನ್ನು ಮಗನ ಹಾಗೆ ಬೆಳೆಸಿದ್ದೇವೆ' ಎಂದರೆ ಜಗಳ ಮಾಡಬೇಡಿ, ನಗುತ್ತಲೇ ಕೇಳಿ: 'ಮಗಳ ಹಾಗೆಯೇ ಬೆಳೆಸಿದರೆ ಏನೇನು ಕಡಿಮೆ ಮಾಡುತ್ತಿದ್ದಿರಿ?' ಉತ್ತರ ಹುಡುಕುವಾಗ ಅವರೇ ಒಂದು ಕ್ಷಣ ನಿಲ್ಲುತ್ತಾರೆ. ಹಾಸ್ಟೆಲ್ ಗೇಟಿನ ಸಮಯಕ್ಕೆ, ಮದುವೆಯ ವಯಸ್ಸಿಗೆ, ಆಸ್ತಿಯ ಪಾಲಿಗೆ ಇದೇ ಪ್ರಶ್ನೆ ಕೇಳಿ. ಹುಡುಗರೂ ಕೇಳಬೇಕು. ಅಪ್ಪ-ಅಮ್ಮನನ್ನು ನೋಡಿಕೊಳ್ಳುವ ಭಾರವನ್ನೆಲ್ಲ 'ಮಗ' ಎಂಬ ಒಂದೇ ಪದದ ಮೇಲೆ ಹೇರಿರುವುದು ಅವರಿಗೂ ಹಗುರವಲ್ಲ.

ಅಫ್ಗಾನಿಸ್ತಾನದ ಆ ಹುಡುಗಿಯರು ಅಂಗಿ ಬದಲಿಸಿಕೊಂಡು ಒಂದು ಸತ್ಯವನ್ನು ತೋರಿಸಿಕೊಟ್ಟಿದ್ದಾರೆ. ಅಂಗಡಿ ನಡೆಸಿದ್ದು, ಅಕ್ಕನನ್ನು ಶಾಲೆಗೆ ಮುಟ್ಟಿಸಿದ್ದು, ಮನೆ ಸಾಕಿದ್ದು ಅಂಗಿಯಲ್ಲ. ಅದರೊಳಗಿದ್ದ ಹುಡುಗಿ. ಅವಳಿಗೆ ಸಿಗಬೇಕಾದ್ದು ಅವಳ ಹೆಸರಿನಲ್ಲೇ ಸಿಗಲಿ, ಯಾರೂ ವಾಪಸ್ ಕೇಳಲಾಗದ ಹಾಗೆ ಸಿಗಲಿ.